ಮುಖಂಡರ ಬದಲಿಗಳು

ಗಿರಣಿಯಲ್ಲಿ ದುಡಿದವರಿಗೆ ‘ಬದಲಿ’ ಎಂದರೆ ಯಾರೆಂದು ಹೇಳಿಕೊಡಬೇಕಾಗಿಲ್ಲ. ಖಾಯಂ ಕೆಲಸಗಾರ ಬಾರದ ದಿನ ಅವನ ಯಂತ್ರದ ಮುಂದೆ ನಿಲ್ಲುವವನು. ಅವನಿಗೆ ಕೆಲಸ ಬರುತ್ತದೆ. ನೂಲು ಹರಿದರೆ ಗಂಟು ಹಾಕಬಲ್ಲ. ಮಾಲು ಕೆಟ್ಟರೆ ಬೈಗುಳವೂ ಅವನಿಗೇ.

ದೊಡ್ಡಬಳ್ಳಾಪುರದ ಮುಖಂಡರ ಬದಲಿಗಳು ಈ ಜಾತಿಯವರಲ್ಲ. ನೇಕಾರರ ಸಂಘವಿರಲಿ, ಕಾರ್ಮಿಕ ಸಂಘವಿರಲಿ, ಪೇಟೆಯ ಸಣ್ಣ ವರ್ತಕರ ಪತ್ತಿನ ಸಂಘವಿರಲಿ, ಲೆಕ್ಕಪತ್ರ, ದಾಸ್ತಾನು, ಸಾಲಗಳನ್ನು ನೋಡಿಕೊಳ್ಳಲೆಂದು ಮುಖಂಡರನ್ನು ನಾವು ಕೈ ಎತ್ತಿ ಆರಿಸುತ್ತೇವೆ. ಮೇಲ್ವಿಚಾರಣೆಯ ಸಭೆಗೆ ಬರುವವನು ಮಾತ್ರ ಅವರ ಅಳಿಯ, ಇಲ್ಲವೆ ಗುಮಾಸ್ತ. ಎಲ್ಲ ಸಂಘಗಳಲ್ಲೂ ಹೀಗೆಂದು ನಾನು ಹೇಳಲಾರೆ. ಹೀಗಿರುವ ಕಡೆ ಅದು ಅಲ್ಲಿಯ ಸದಸ್ಯರಿಗೆ ಚೆನ್ನಾಗಿ ಗೊತ್ತು.

ನಾನು ಮೇಷ್ಟರಾಗಿದ್ದಾಗ ಹಾಜರಿ ಕೂಗುವ ಹೊತ್ತಿಗೆ ಒಬ್ಬ ಹುಡುಗನ ಹೆಸರಿಗೆ ಇನ್ನೊಬ್ಬ ‘ಹಾಜರ್ ಸಾರ್’ ಅನ್ನುತ್ತಿದ್ದ. ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನಮ್ಮ ಧುರೀಣರನ್ನು ನಿಲ್ಲಿಸಲು ಅಷ್ಟು ಗಟ್ಟಿ ಬೆಂಚು ಎಲ್ಲಿ ತರೋಣ?

ಅವರ ವಾದವನ್ನೂ ಕೇಳಬೇಕು. “ವಿಧಾನಸೌಧಕ್ಕೆ ಓಡಾಡುವವರು ನಾವು, ಕಾರ್ಮಿಕ ಇಲಾಖೆಗೆ ಅಲೆಯುವವರು ನಾವು. ವೋಚರು ಎಣಿಸುತ್ತ ಕುಳಿತರೆ ಚಳವಳಿ ನಡೆಸುವವರಾರು?” ಇದರಲ್ಲಿ ಅರ್ಧ ನಿಜವಿದೆ. ಒಬ್ಬನೇ ಮನುಷ್ಯ ಎಲ್ಲವನ್ನೂ ಮಾಡಲಾಗದು. ಪತ್ರ ಬರೆಯುವುದು, ರಸೀದಿ ಜೋಡಿಸುವುದು, ಗೋದಾಮಿನ ನೂಲು ತೂಗಿಸುವುದು, ಇವನ್ನು ಧಾರಾಳವಾಗಿ ಬೇರೆಯವರಿಗೆ ಹಂಚಲಿ. ತೂಕದ ಚೀಟಿಯನ್ನು ದಾಸ್ತಾನು ಪುಸ್ತಕದೊಡನೆ ತಾಳೆ ನೋಡಿ, “ಈ ವ್ಯತ್ಯಾಸ ಏಕೆ?” ಎಂದು ಕಾರ್ಯದರ್ಶಿಯನ್ನು ಕೇಳುವ ಕೆಲಸವಿದೆಯಲ್ಲ, ಅದನ್ನು ಹಂಚಲಾಗದು. ಅಳಿಯ ಕೇಳುವುದಿಲ್ಲ. ಗುಮಾಸ್ತನಿಗೆ ಕೇಳುವ ಧೈರ್ಯವಿಲ್ಲ. ಅವನ ಸಂಬಳದ ಚೀಟಿಗೆ ರುಜು ಹಾಕುವವನೇ ಆ ಕಾರ್ಯದರ್ಶಿ.

ಇನ್ನು ಕೆಲವರು ಇದಕ್ಕೆ ‘ಅಧಿಕಾರ ವಿಕೇಂದ್ರೀಕರಣ’ ಎಂದು ಹೆಸರಿಟ್ಟು ಲೋಹಿಯಾರನ್ನೇ ಸಾಕ್ಷಿಗೆ ಎಳೆಯುತ್ತಾರೆ. ನಾಚಿಕೆಯಾಗಬೇಕು! ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯವನ್ನು ಲೋಹಿಯಾ ಹೇಳಿದ್ದು ಅಧಿಕಾರ ಜನರ ಕೈಗೆ ಇಳಿಯಲೆಂದು, ಮುಖಂಡನ ಮನೆಯೊಳಗೆ ಸುತ್ತಲೆಂದಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಅವರು ತಾವೇ ಬಂದು ಬಂಧನಕ್ಕೊಳಗಾದರು. ಅಳಿಯನನ್ನು ಕಳಿಸಲಿಲ್ಲ.

ಕಣ್ಣು ತಪ್ಪಿದರೆ ಏನಾಗುತ್ತದೆಂದು ದೂರ ಹೋಗಿ ನೋಡಬೇಕಿಲ್ಲ. 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಲಕ್ಷಗಟ್ಟಲೆ ಠೇವಣಿ ಇಟ್ಟವರೂ ಆಗ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅಲ್ಲೂ ಆಡಳಿತ ಮಂಡಳಿ ಇತ್ತು, ಲೆಕ್ಕ ಪರಿಶೋಧನೆ ಇತ್ತು. ಮರುತಿಂಗಳು ಸರಕಾರ ಬ್ಯಾಂಕು ಠೇವಣಿಯ ವಿಮೆಯನ್ನು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಗಮನಿಸಿ ಮಿತ್ರರೇ, ಆ ವಿಮೆ ಬ್ಯಾಂಕುಗಳಿಗೆ ಮಾತ್ರ. ನಮ್ಮ ಪತ್ತಿನ ಸಂಘದಲ್ಲಿ ನೀವು ಮಗಳ ಮದುವೆಗೆಂದು ಕಟ್ಟಿದ ಹಣಕ್ಕೆ ಅದು ಅನ್ವಯಿಸದು. ಅಲ್ಲಿ ಇರುವ ಕಾವಲು ಸಮಿತಿಯವರ ಕಣ್ಣೊಂದೇ. 1959ರ ಸಹಕಾರ ಸಂಘಗಳ ಕಾಯಿದೆ ಆಡಳಿತವನ್ನು ಕೊಟ್ಟಿರುವುದು ಸಮಿತಿಯ ಕೈಗೆ. ಅವರ ಪರವಾಗಿ ಬಂದು ಕಾಫಿ ಕುಡಿದು ಹೋಗುವವನ ಕೈಗಲ್ಲ.

ಪುರಸತ್ತಿಲ್ಲದವರು ಸ್ಥಾನ ಬಿಡಲಿ. ಮಗ್ಗದ ಮುಂದೆ ನಿಂತವರಲ್ಲಿ, ಅಂಗಡಿಯ ಗಲ್ಲಾದಲ್ಲಿ ಕೂತವರಲ್ಲಿ ಲೆಕ್ಕ ಬಲ್ಲವರಿಗೆ ಬರಗಾಲವೇನೂ ಬಂದಿಲ್ಲ. ದಿನದ ಮಜೂರಿಯನ್ನು ಮನಸ್ಸಿನಲ್ಲೇ ಕೂಡಿಸುವ ಹೆಂಗಸರನ್ನು ನಾನು ಕಂಡಿದ್ದೇನೆ. ಅವರನ್ನು ಆರಿಸಿ, ಪೂರ್ಣ ಅಧಿಕಾರ ಕೊಟ್ಟು ಕೂರಿಸೋಣ. ಸ್ಥಾನವನ್ನೂ ಬಿಡೆನು, ಸಭೆಗೂ ಬಾರೆನು ಎಂಬುದು ಯಾವ ಸಮಾಜವಾದ? ನಮ್ಮ ಪಕ್ಷದಲ್ಲೂ ಇಂಥವರಿದ್ದಾರೆ. ಈ ಮಾತು ಅವರಿಗೆ ಮೊದಲು.

ಸರ್ವ ಸದಸ್ಯರ ಸಭೆಗೆ ಒಂದು ಠರಾವು ಸಿದ್ಧವಾಗಿದೆ. ಮೇಲ್ವಿಚಾರಣಾ ಸಮಿತಿಯ ಹಾಜರಿ ಪುಸ್ತಕವನ್ನು ಸದಸ್ಯರ ಮುಂದೆ ಓದಬೇಕು; ಬದಲಿಯ ರುಜು ಗೈರುಹಾಜರಿಯೆಂದೇ ಎಣಿಕೆಯಾಗಬೇಕು; ಸತತ ಮೂರು ಸಭೆ ತಪ್ಪಿದವರು ರಾಜೀನಾಮೆ ಕೊಡಬೇಕು. ಪ್ರತಿಗಳು ಪಕ್ಷದ ಕಚೇರಿಯಲ್ಲಿವೆ. ಪಾಳಿ ಮುಗಿಸಿ ಬರುವವರಿಗಾಗಿ ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ. ರುಜು ಹಾಕಲು ನೀವೇ ಬನ್ನಿ.