ಹಿಮದ ನಾಡಿನ ನೆರೆಯವರೂ ನಮ್ಮ ಸುಳ್ಳುಸಾಕ್ಷಿಯೂ



ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ನೀವು ಈ ಕಥೆಯನ್ನು ಕೇಳಿರಬಹುದು. ಎಸ್ಕಿಮೋ ಒಬ್ಬ ಹರಿತವಾದ ಚೂರಿಗೆ ಪ್ರಾಣಿಯ ರಕ್ತ ಬಳಿದು ಹೆಪ್ಪುಗಟ್ಟಿಸುತ್ತಾನೆ. ಮತ್ತೆ ಬಳಿಯುತ್ತಾನೆ, ಮತ್ತೆ ಹೆಪ್ಪುಗಟ್ಟಿಸುತ್ತಾನೆ. ಅನಂತರ ಅಲಗು ಮೇಲಾಗುವಂತೆ ಅದನ್ನು ಹಿಮದಲ್ಲಿ ನೆಡುತ್ತಾನೆ. ವಾಸನೆ ಹಿಡಿದು ಬಂದ ತೋಳ ನೆಕ್ಕತೊಡಗುತ್ತದೆ. ತಾನು ಸವಿಯುತ್ತಿರುವುದು ತನ್ನದೇ ನಾಲಗೆಯ ರಕ್ತವೆಂದು ಅರಿಯದೆ, ಬೆಳಗಾಗುವುದರೊಳಗೆ ಸತ್ತು ಬೀಳುತ್ತದೆ. ಪಾಪದ ರುಚಿಯೂ ಹೀಗೆಯೇ ಎಂದು ಬೋಧಕರು ಮುಗಿಸುತ್ತಾರೆ. ಸಭೆ ನಿಟ್ಟುಸಿರು ಬಿಡುತ್ತದೆ.

ಈ ಕಥೆಯನ್ನು ನಾನೂ ಹೇಳಿದ್ದೇನೆ. ಒಮ್ಮೆಯಲ್ಲ, ಹಲವು ಸಲ. ಆ ಬೇಟೆಗಾರನ ಊರು ಯಾವುದು, ಇದನ್ನು ಕಣ್ಣಾರೆ ಕಂಡವರು ಯಾರು ಎಂದು ಒಂದು ಸಲವೂ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ನೆರೆಯವರ ವಿರುದ್ಧ ಸುಳ್ಳುಸಾಕ್ಷಿ ನುಡಿಯಬಾರದೆಂಬ ಎಂಟನೆಯ ಆಜ್ಞೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ನೆರೆಯವರು ಹತ್ತು ಸಾವಿರ ಕಿಲೋಮೀಟರ್ ದೂರವಿದ್ದರೆ ಆ ಆಜ್ಞೆಗೆ ವಿನಾಯಿತಿ ಉಂಟೆಂದು ಭಾವಿಸಿದ್ದೇವೆಯೇ? ಇಲ್ಲವೆಂದು ವಾದಿಸುವುದಕ್ಕಾಗಿಯೇ ಈ ಲೇಖನ.

ಮೊದಲು ಹೆಸರನ್ನೇ ನೋಡೋಣ. 'ಎಸ್ಕಿಮೋ' ಎಂಬುದು ಹೊರಗಿನವರು ಇಟ್ಟ ಹೆಸರು. ಹಸಿಮಾಂಸ ತಿನ್ನುವವರು ಎಂಬುದೇ ಅದರ ಅರ್ಥವೆಂದು ಬಹುಕಾಲ ಹೇಳಿಕೊಂಡು ಬಂದರು. ಕೆನಡಾ ಮತ್ತು ಗ್ರೀನ್‌ಲ್ಯಾಂಡ್‌ಗಳ ಆ ಜನರು ತಮ್ಮನ್ನು 'ಇನುಯಿಟ್' ಎಂದು ಕರೆದುಕೊಳ್ಳುತ್ತಾರೆ. ಅದರ ಅರ್ಥ ಇಷ್ಟೇ: ಮನುಷ್ಯರು. ನಮ್ಮ ಕನ್ನಡವೂ ಇಲ್ಲಿ ನಿರ್ದೋಷಿಯಲ್ಲ. ನಾವು ಹೇಳುವ ಕಥೆಗಳಲ್ಲಿ ಮಿಷನರಿ ಗುರುಗಳು 'ಬರುತ್ತಾರೆ', 'ಬೋಧಿಸುತ್ತಾರೆ'. ಎಸ್ಕಿಮೋ ಮಾತ್ರ 'ಬರುತ್ತಾನೆ', 'ತಿನ್ನುತ್ತಾನೆ'. ಒಂದು ಬಹುವಚನವನ್ನು ಕೊಡುವಷ್ಟು ಔದಾರ್ಯವೂ ನಮಗಿಲ್ಲವಾಯಿತು.

ಇನ್ನು ಹಿಮದ ಮನೆ. ಶಾಲಾ ವಾರ್ಷಿಕೋತ್ಸವದಲ್ಲಿ ಹತ್ತಿ ಅಂಟಿಸಿ ಮಾಡುವ ಆ ಗುಮ್ಮಟವೇ ಅವರ ನಿತ್ಯದ ವಾಸಸ್ಥಾನವೆಂದು ನಮ್ಮ ಮಕ್ಕಳು ನಂಬಿದ್ದಾರೆ. ಅವರ ನುಡಿಯಲ್ಲಿ ಇಗ್ಲೂ ಎಂದರೆ ಮನೆ, ಅಷ್ಟೆ. ಹಿಮದ ಇಟ್ಟಿಗೆಗಳ ಮನೆ ಕೆಲವು ಪ್ರದೇಶಗಳಲ್ಲಿ ಚಳಿಗಾಲದ ಹಾಗೂ ಬೇಟೆಯ ಪಯಣದ ಬೀಡಾಗಿತ್ತು. ಗ್ರೀನ್‌ಲ್ಯಾಂಡಿನವರು ಕಲ್ಲು ಮತ್ತು ಹುಲ್ಲುಹೆಂಟೆಗಳಿಂದ ಮನೆ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಚರ್ಮದ ಡೇರೆಗಳಿದ್ದವು. ಇಂದು ಅವರು ಮರದ ಮನೆಗಳಲ್ಲಿ, ವಿದ್ಯುತ್ ದೀಪಗಳ ಕೆಳಗೆ, ನಮ್ಮಂತೆಯೇ ಮಕ್ಕಳ ಪರೀಕ್ಷೆಯ ಚಿಂತೆ ಮಾಡುತ್ತಾ ಬದುಕುತ್ತಾರೆ.

ಈ ಚಿತ್ರಗಳು ನಮಗೆ ಬಂದುದಾದರೂ ಎಲ್ಲಿಂದ? 1922ರಲ್ಲಿ ರಾಬರ್ಟ್ ಫ್ಲಾಹರ್ಟಿಯವರ 'ನಾನೂಕ್ ಆಫ್ ದಿ ನಾರ್ತ್' ಎಂಬ ಚಲನಚಿತ್ರ ತೆರೆಕಂಡಿತು. ಸತ್ಯಚಿತ್ರವೆಂದು ಜಗತ್ತು ಅದನ್ನು ಕೊಂಡಾಡಿತು. ಆದರೆ ನಾನೂಕ್ ಎಂಬುದು ಆ ವ್ಯಕ್ತಿಯ ಹೆಸರೇ ಅಲ್ಲ, ಅವರು ಅಲ್ಲಕರಿಯಲ್ಲಕ್. ಅವರ ಜನ ಆಗಲೇ ಬಂದೂಕು ಬಳಸುತ್ತಿದ್ದರೂ ಚಿತ್ರಕ್ಕಾಗಿ ಹಳೆಯ ಈಟಿ ಹಿಡಿಸಲಾಯಿತು. ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ಅರ್ಧ ಮಾತ್ರ ಕಟ್ಟಿದ ಹಿಮದ ಮನೆಯಲ್ಲಿ ಮಲಗುವಂತೆ ಹೇಳಲಾಯಿತು. ಗ್ರಾಮಫೋನ್ ತಟ್ಟೆಯನ್ನು ಕಂಡು ಬೆರಗಾಗಿ ಹಲ್ಲಿನಿಂದ ಕಚ್ಚುವ ದೃಶ್ಯವೂ ನಟನೆಯೇ. ಪ್ರೇಕ್ಷಕರು ನಕ್ಕರು. ಆ ನಗುವಿನಲ್ಲಿ ಒಂದು ಜನಾಂಗದ ಬುದ್ಧಿಶಕ್ತಿಯನ್ನೇ ಅಳೆದು ಮುಗಿಸಿದರು.

ಅದಕ್ಕೂ ಮುಂಚಿನ ಇನ್ನೊಂದು ಘಟನೆ ನಮ್ಮನ್ನು, ಕ್ರೈಸ್ತರನ್ನು, ಹೆಚ್ಚು ನಾಚಿಸಬೇಕು. 1880ರಲ್ಲಿ ಲ್ಯಾಬ್ರಡಾರ್ ಕರಾವಳಿಯಿಂದ ಎಂಟು ಮಂದಿ ಇನುಯಿಟರನ್ನು ಯೂರೋಪಿಗೆ ಕರೆದೊಯ್ದು ಹ್ಯಾಂಬರ್ಗ್, ಬರ್ಲಿನ್ ಮೊದಲಾದ ನಗರಗಳಲ್ಲಿ ಪ್ರದರ್ಶನಕ್ಕಿಡಲಾಯಿತು. ಕರೆದೊಯ್ದವರು ಮೃಗಗಳ ವ್ಯಾಪಾರಿ ಹಾಗೆನ್‌ಬೆಕ್ ಅವರ ಕಡೆಯವರು. ಆ ಎಂಟು ಮಂದಿಯಲ್ಲಿ ಅಬ್ರಹಾಂ ಎಂಬವರು ಮೊರಾವಿಯನ್ ಸಭೆಯ ದೀಕ್ಷಾಸ್ನಾನ ಪಡೆದ ಕ್ರೈಸ್ತರು. ಓದುಬರಹ ಬಲ್ಲವರು, ಪಿಟೀಲು ನುಡಿಸಬಲ್ಲವರು. ಮಿಷನ್ ಅಂಗಡಿಯ ಸಾಲ ತೀರಿಸಬೇಕೆಂಬ ಆಸೆಯೂ ಅವರನ್ನು ಹಡಗು ಹತ್ತಿಸಿತು. ಮಿಷನರಿಗಳು ಬೇಡವೆಂದರು ನಿಜ. ಆದರೆ ಆ ಸಾಲದ ಲೆಕ್ಕವೂ ಅವರ ಪುಸ್ತಕದಲ್ಲಿಯೇ ಇತ್ತು. ಬೇಲಿಯ ಹೊರಗೆ ನಿಂತ ಜನ 'ಕಾಡುಮನುಷ್ಯ'ರನ್ನು ನೋಡಲು ಹಣ ಕೊಟ್ಟರು. ಬೇಲಿಯ ಒಳಗೆ ಅಬ್ರಹಾಂ ತಮ್ಮ ನುಡಿಯಲ್ಲಿ ದಿನಚರಿ ಬರೆಯುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಊರಿಗೆ ಮರಳಲು ಹಂಬಲಿಸುತ್ತಿದ್ದರು. ಅವರಿಗೆ ಸಕಾಲದಲ್ಲಿ ಸಿಡುಬಿನ ಲಸಿಕೆ ಹಾಕಿಸುವುದು ಯಾರಿಗೂ ನೆನಪಾಗಲಿಲ್ಲ. 1881ರ ಜನವರಿ ಮುಗಿಯುವುದರೊಳಗೆ, ಅವರ ಪತ್ನಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳೂ ಸೇರಿದಂತೆ, ಎಂಟು ಮಂದಿಯೂ ತೀರಿಕೊಂಡರು. ಹೇಳಿ ವಾಚಕರೇ, ಆ ಬೇಲಿಯ ಯಾವ ಬದಿಯಲ್ಲಿ ಕ್ರಿಸ್ತರಿದ್ದರು?

"ಗುರುಗಳೇ, ತೋಳದ ಕಥೆ ಬರಿಯ ದೃಷ್ಟಾಂತ ತಾನೇ? ಅದರಿಂದ ಯಾರಿಗೇನು ನಷ್ಟ?" ಎಂದು ನೀವು ಕೇಳಬಹುದು. ನಷ್ಟವಿದೆ. ಜನರ ಬಗೆಗಿನ ಸುಳ್ಳು ಚಿತ್ರವು ಅಧಿಕಾರಿಗಳ ಮೇಜಿನ ಮೇಲೆ ಬಂದು ಕುಳಿತಾಗ ಆಜ್ಞೆಯಾಗುತ್ತದೆ. ಫ್ಲಾಹರ್ಟಿಯವರ ಚಿತ್ರ ತಯಾರಾದ ಇನುಕ್ಜುವಾಕ್ ಪ್ರದೇಶದಿಂದಲೇ 1953 ಮತ್ತು 1955ರಲ್ಲಿ ಕೆನಡಾ ಸರ್ಕಾರ ಹಲವು ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ರೆಸಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್‌ಗಳಿಗೆ ಸಾಗಿಸಿತು. ಆ ನಿರ್ಜನ ದ್ವೀಪಗಳ ಮೇಲೆ ತನ್ನ ಒಡೆತನ ಸ್ಥಾಪಿಸುವ ಲೆಕ್ಕಾಚಾರ ಸರ್ಕಾರಕ್ಕಿತ್ತೆಂಬ ಮಾತೂ ಉಂಟು. ಎಸ್ಕಿಮೋಗಳಲ್ಲವೇ, ಹಿಮವಿದ್ದಲ್ಲಿ ಬದುಕಿಕೊಳ್ಳುತ್ತಾರೆ ಎಂಬ ಭಾವನೆಯಂತೂ ಇದ್ದೇ ಇತ್ತು. ಇನುಕ್ಜುವಾಕ್‌ನಲ್ಲಿ ಚಳಿಗಾಲದಲ್ಲೂ ದಿನಾಲೂ ಸೂರ್ಯ ಮೂಡುತ್ತಾನೆ. ಗ್ರೀಸ್ ಫಿಯರ್ಡ್‌ನಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಮೂಡುವುದಿಲ್ಲ. ಬೇಡವೆನಿಸಿದರೆ ಮರಳಿ ಕರೆತರುತ್ತೇವೆಂಬ ಮಾತು ನಡೆಯಲಿಲ್ಲ. 1955ರಲ್ಲಿ ಹೋದವರಲ್ಲಿ, ತಂದೆಯ ಆಸರೆಯನ್ನೇ ಕಾಣದೆ ಅಲ್ಲಿ ಬೆಳೆದ ಫ್ಲಾಹರ್ಟಿಯವರ ಮಗನೂ ಇದ್ದರು. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ನಮ್ಮ ಧರ್ಮಸಭೆಯ ಲೆಕ್ಕವನ್ನೂ ಮುಚ್ಚಿಡಲಾಗದು. ಕೆನಡಾದ ವಸತಿಶಾಲೆಗಳಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದಲೂ ತಾಯ್ನುಡಿಯಿಂದಲೂ ಬೇರ್ಪಡಿಸಲಾಯಿತು. ಅವರಲ್ಲಿ ಇನುಯಿಟ್ ಮಕ್ಕಳೂ ಇದ್ದರು. ಆ ಶಾಲೆಗಳಲ್ಲಿ ಅನೇಕವನ್ನು ನಡೆಸಿದವರು ಕಥೋಲಿಕ ಸಂಸ್ಥೆಗಳವರು. ಪ್ರೀತಿಯಿಂದ ಸೇವೆ ಸಲ್ಲಿಸಿದ ಮಿಷನರಿಗಳೂ ಇದ್ದರು, ಆ ನುಡಿಗೆ ಲಿಪಿಯನ್ನು ತಲುಪಿಸಿದವರೂ ಇದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಳ್ಳೆಯ ಕೆಲಸದ ರಸೀದಿ ತೋರಿಸಿ ಪಾಪದ ಸಾಲ ತೀರಿಸಲಾಗದು. 2022ರ ಜುಲೈ 29ರಂದು ಅಂದಿನ ಜಗದ್ಗುರು ಫ್ರಾನ್ಸಿಸ್ ಅವರು ನಡೆಯಲಾಗದ ಮಂಡಿನೋವಿನಲ್ಲಿಯೂ ಇನುಯಿಟರ ಇಕಾಲುಯಿಟ್ ಪಟ್ಟಣಕ್ಕೆ ಹೋಗಿ ಕ್ಷಮೆ ಯಾಚಿಸಿದರು. ಜಗದ್ಗುರುಗಳು ತಲೆಬಾಗಿ ಕ್ಷಮೆ ಕೇಳಿದ ಜನರನ್ನೇ ನಾವು ಪ್ರಬೋಧನೆಯ ಒಗ್ಗರಣೆಗೆ ಬಳಸುತ್ತಿದ್ದೇವೆ.

ಪ್ರಭುವೂ ದೃಷ್ಟಾಂತಗಳಲ್ಲಿ ಮಾತನಾಡಿದರಲ್ಲವೇ ಎನ್ನುವಿರಾದರೆ, ಅವರ ರೀತಿಯನ್ನು ಗಮನಿಸಿ. ಬಿತ್ತುವವನು, ಬಲೆ, ದೀಪ, ಹಿಟ್ಟಿನ ಹುಳಿ: ಎಲ್ಲವೂ ಕೇಳುವವರ ಮನೆಯಂಗಳದವು. ಕೇಳುಗರು ಹೀನವಾಗಿ ಕಾಣುತ್ತಿದ್ದ ಸಮಾರಿಯದವನನ್ನು ಕಥೆಗೆ ತಂದಾಗ, ನಗಿಸುವುದಕ್ಕೆ ತರಲಿಲ್ಲ. ಯಾಜಕನಿಗಿಂತ ಅವನೇ ನಿಜವಾದ ನೆರೆಯವನೆಂದು ತೋರಿಸಿ ಕೇಳುಗರನ್ನೇ ನಾಚಿಸಿದರು. ನಾವು ಮಾಡುತ್ತಿರುವುದು ಇದಕ್ಕೆ ತೀರಾ ವಿರುದ್ಧ.

ಆ ಜನರಿಗೆ ತಮ್ಮದೇ ದನಿಯಿದೆ. 1999ರ ಏಪ್ರಿಲ್ 1ರಂದು ಕೆನಡಾದಲ್ಲಿ ನುನಾವುಟ್ ಎಂಬ ಪ್ರದೇಶ ರೂಪುಗೊಂಡಿತು. ಅವರ ನುಡಿಯಲ್ಲಿ ಆ ಹೆಸರಿನ ಅರ್ಥ 'ನಮ್ಮ ನಾಡು'. 2001ರಲ್ಲಿ ಝಕರಾಯಸ್ ಕುನುಕ್ ಅವರು ತಮ್ಮ ಜನರ ಪುರಾತನ ಕಥೆಯನ್ನು ಇನುಕ್ಟಿಟುಟ್ ನುಡಿಯಲ್ಲಿಯೇ 'ಅತನಾರ್ಜುವಾತ್' ಎಂಬ ಚಿತ್ರವಾಗಿಸಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದರು. ಕೇಳುವ ಮನಸ್ಸಿದ್ದರೆ ಅವರೇ ಹೇಳುತ್ತಾರೆ.

ಆದ್ದರಿಂದ ಸಹಗುರುಗಳಲ್ಲಿ, ಧರ್ಮೋಪದೇಶ ಕಲಿಸುವ ಶಿಕ್ಷಕರಲ್ಲಿ, ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ದೂರದ ಜನರ ಕಥೆ ಹೇಳುವ ಮುನ್ನ, ಅವರ ಕುಟುಂಬವೊಂದು ದೇವಾಲಯದ ಮೊದಲ ಸಾಲಿನಲ್ಲಿ ಕುಳಿತಿದೆ ಎಂದು ಭಾವಿಸಿಕೊಳ್ಳಿ. ಅವರ ಮುಖ ನೋಡಿ ಹೇಳಲಾಗದ ಕಥೆಯನ್ನು ಬಿಟ್ಟುಬಿಡಿ. ಇದು ಬರಿಯ ಕಲ್ಪನೆಯೂ ಅಲ್ಲ: ಇನುಯಿಟರಲ್ಲಿ ಬಹುಪಾಲು ಜನ ಕ್ರೈಸ್ತರು. ನಾವು ಭಾನುವಾರ ಹೇಳುವ ಪ್ರಭುವಿನ ಪ್ರಾರ್ಥನೆಯನ್ನು, ಕೆಲವು ಗಂಟೆಗಳ ತರುವಾಯ, ಅವರೂ ತಮ್ಮ ನುಡಿಯಲ್ಲಿ ಹೇಳುತ್ತಾರೆ.

ತೋಳದ ಕಥೆಯನ್ನು ನಾನು ಕೈಬಿಟ್ಟಿದ್ದೇನೆ. ಪಾಪದ ರುಚಿಯನ್ನು ವಿವರಿಸಲು ನನ್ನದೇ ಬದುಕಿನಲ್ಲಿ ಬೇಕಾದಷ್ಟು ದೃಷ್ಟಾಂತಗಳಿವೆ.