ಮರ್ಫಿಯ ಮಾತು ಹಣೆಬರಹವಲ್ಲ

ಬಸ್ಸು ತಪ್ಪಿದ ದಿನವೇ ಆಟೊದವರೂ ಮುಷ್ಕರ ಹೂಡಿದರೆ ‘ಮರ್ಫೀಸ್ ಲಾ’ ಎಂದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಬಹಳ. ಅದನ್ನು ಕನ್ನಡಕ್ಕೆ ತರುವಾಗ ಬಾಯಿಗೆ ಮೊದಲು ಬರುವುದು ‘ಹಣೆಬರಹ’. ಸಲೀಸಾದ ಅನುವಾದ, ಆದರೆ ತಪ್ಪು. ಆ ಮಾತು ಹುಟ್ಟಿದ್ದು ಹಣೆಬರಹವನ್ನು ನಂಬಿ ಕೂರಲಾಗದವರ ನಡುವೆ.

1940ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ಮತ್ತು ಸಂಗಡಿಗರು ಹಳಿಯ ಮೇಲೆ ರಾಕೆಟ್ ಬಂಡಿ ಓಡಿಸಿ ಗಕ್ಕನೆ ನಿಲ್ಲಿಸುತ್ತಿದ್ದರು. ವಿಮಾನ ಅಪ್ಪಳಿಸಿದಾಗ ಮನುಷ್ಯನ ದೇಹ ಎಷ್ಟು ಹೊಡೆತ ತಾಳೀತು ಎಂದು ತಿಳಿಯಬೇಕಿತ್ತು. ಬಂಡಿಯ ಹೆಸರು ‘ಜೀ ವಿಜ್’. ಮೊದಲು ಅದರಲ್ಲಿ ಕೂತದ್ದು ಆಸ್ಕರ್ ಏಟ್‌ಬಾಲ್ ಎಂಬ ಬೊಂಬೆ. ಒಂದು ಓಟದಲ್ಲಿ ಪಟ್ಟಿ ತಡೆಯದೆ ಆಸ್ಕರ್ ತನ್ನ ರಬ್ಬರ್ ಮುಖವನ್ನು ಹಿಂದೆ ಬಿಟ್ಟು ನೂರಾರು ಅಡಿ ಹಾರಿಹೋದ. ಬೊಂಬೆಯ ನಂತರ ಆ ಸೀಟಿಗೆ ಸ್ಟ್ಯಾಪ್ ತಾವೇ ಹತ್ತಿದರು. ಮಣಿಕಟ್ಟು ಮುರಿದುಕೊಂಡದ್ದು ಒಂದು ಸಲವಲ್ಲ. ಒಮ್ಮೆಯಂತೂ ಆಫೀಸಿಗೆ ನಡೆದು ಹೋಗುತ್ತಲೇ ಮೂಳೆಯನ್ನು ತಾವೇ ಸರಿಪಡಿಸಿಕೊಂಡರು!

1949ರಲ್ಲಿ ಎಡ್ವರ್ಡ್ ಮರ್ಫಿ ಎಂಬ ಎಂಜಿನಿಯರ್ ಹೊಡೆತ ಅಳೆಯುವ ಹೊಸ ಸೆನ್ಸರ್‌ಗಳನ್ನು ತಂದರು. ಓಟ ಮುಗಿದ ಮೇಲೆ ನೋಡಿದರೆ ಅಳತೆಯೇ ಬಂದಿಲ್ಲ: ವೈರಿಂಗ್ ತಿರುಗುಮುರುಗಾಗಿತ್ತು. ತಪ್ಪು ಮಾಡಲು ದಾರಿಯೊಂದಿದ್ದರೆ ಈತ ಅದನ್ನು ಹುಡುಕಿಯೇ ತೀರುತ್ತಾನೆ ಎಂದು ಮರ್ಫಿ ಸಿಡುಕಿದರು. ಆ ಮಾತಿಗೆ ಈಗಿನ ರೂಪ ಯಾರು ಕೊಟ್ಟರೆಂಬುದಕ್ಕೆ ತಂಡದವರಲ್ಲೇ ಜಗಳವಿತ್ತು. ಮುಖ್ಯ ಸಂಗತಿ ಬೇರೆ. ಇಷ್ಟು ಅಪಾಯದ ಕೆಲಸದಲ್ಲೂ ದೊಡ್ಡ ಅನಾಹುತವೇಕೆ ಆಗಿಲ್ಲವೆಂದು ಪತ್ರಕರ್ತರು ಕೇಳಿದಾಗ ಸ್ಟ್ಯಾಪ್ ಕೊಟ್ಟ ಕಾರಣವೇ ಮರ್ಫಿಯ ನಿಯಮ. ಏನೇನು ಕೆಡಬಹುದೆಂದು ಮೊದಲೇ ಲೆಕ್ಕಹಾಕಿಯೇ ಬಂಡಿ ಬಿಡುತ್ತಿದ್ದರು.

ಅಂದರೆ ಆ ಸಿಡುಕು ವಿನ್ಯಾಸಕಾರರಿಗೆ ಕೊಟ್ಟ ಬುದ್ಧಿವಾದ. ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರುವುದು, ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ದಪ್ಪಗಿರುವುದು ಇದಕ್ಕೇ: ಅವಸರದಲ್ಲಿರುವವನಿಗೂ ತಲೆಕೆಳಗಾಗಿ ಸಿಕ್ಕಿಸಲು ಆಗಬಾರದು.

ಮಾರ್ಚ್ 4 ಬಂತೆಂದರೆ ನಮ್ಮ ಕಾರ್ಖಾನೆಗಳಲ್ಲಿ ಸುರಕ್ಷತಾ ದಿನದ ಪ್ರತಿಜ್ಞೆ. ಎಲ್ಲರೂ ಕೈ ಚಾಚುತ್ತಾರೆ, ಯಾರೂ ನಗುವುದಿಲ್ಲ. ಆದರೆ ಯಾವ ವಾಲ್ವನ್ನು ಹೇಗೆ ಉಲ್ಟಾ ಕೂರಿಸಿಬಿಡಬಹುದೆಂಬ ವಿದ್ಯೆ ಕ್ಯಾಂಟೀನಿನಲ್ಲಿ ನಗುತ್ತಾ ಹೇಳುವ ಕಥೆಗಳಲ್ಲಿರುತ್ತದೆ. ತಪ್ಪು ಒಪ್ಪಿಕೊಂಡವನಿಗೆ ಮೆಮೊ ಸಿಗುವ ಕಡೆ ಅಂಥ ಕಥೆಗಳು ಹುಟ್ಟುವುದಿಲ್ಲ, ತಪ್ಪುಗಳು ಮಾತ್ರ ಹುಟ್ಟುತ್ತಲೇ ಇರುತ್ತವೆ. ನಗುವುದು ಬದುಕುಳಿದವರು ಮಾತ್ರ ಎಂಬ ಆಕ್ಷೇಪ ನಿಜ. ಇಂಥ ಬಂಡಿಗಳಿಗೆ ಚಿಂಪಾಂಜಿಗಳನ್ನೂ ಕಟ್ಟಿದ್ದರು. ಅವು ಯಾವ ತಮಾಷೆಯನ್ನೂ ಹೇಳಿ ಹೋಗಿಲ್ಲ.

1954ರ ಡಿಸೆಂಬರ್ 10ರಂದು ಸ್ಟ್ಯಾಪ್ ಗಂಟೆಗೆ ಸುಮಾರು 1,017 ಕಿ.ಮೀ. ವೇಗಕ್ಕೇರಿ 1.4 ಸೆಕೆಂಡಿನಲ್ಲಿ ನಿಂತರು. ಕಣ್ಣಿಗೆ ರಕ್ತ ನುಗ್ಗಿ ಕೆಲಹೊತ್ತು ಏನೂ ಕಾಣಲಿಲ್ಲ. ಆಮೇಲೆ ಅವರು ಕಾರುಗಳ ಸೀಟ್‌ಬೆಲ್ಟಿಗಾಗಿ ವರ್ಷಗಟ್ಟಲೆ ವಾದಿಸಿದರು. ತೀರಿಕೊಂಡದ್ದು 1999ರಲ್ಲಿ, 89ರ ವಯಸ್ಸಿಗೆ, ಮನೆಯಲ್ಲಿ. ನಮ್ಮ ಟ್ಯಾಕ್ಸಿಗಳ ಹಿಂದಿನ ಸೀಟಿನಲ್ಲಿ ಮಾತ್ರ ಆ ಬೆಲ್ಟಿನ ಬಕಲ್ ಇನ್ನೂ ಸೀಟ್ ಕವರಿನ ಅಡಿಯಲ್ಲೇ ಇದೆ.