ಆಟಿಸಂ ಮಕ್ಕಳಿಗೆ ಕಲಿಸುವವರಿಗೆ ತರಬೇತಿ ಕೋರಿ ಮನವಿ ಪತ್ರ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಬೆಳಗಾವಿ
ಇವರಿಂದ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಆಟಿಸಂ ಮಕ್ಕಳ ಪಾಲಕರು

ಉಲ್ಲೇಖ:
1) ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016, ಕಲಂ 16 ಮತ್ತು 17
2) ರಜನೀಶ್ ಕುಮಾರ್ ಪಾಂಡೆ ಪ್ರಕರಣ, ಸುಪ್ರೀಂ ಕೋರ್ಟ್ ತೀರ್ಪು, 28.10.2021
3) ನಮ್ಮ ಹಿಂದಿನ ಮೂರು ಮನವಿಗಳು

ಮಾನ್ಯರೇ,

ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದೆ, ಮಕ್ಕಳು ಮನೆಯಲ್ಲಿದ್ದಾರೆ. ರಾಮದುರ್ಗ ತಾಲೂಕಿನ ಹಳ್ಳಿಯೊಂದರ 9 ವರ್ಷದ ಹುಡುಗ ಶಾಲೆಯ ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುತ್ತಿದ್ದ. ಹಟವೆಂದು ತಿಳಿದು ಶಿಕ್ಷಕರು ಕೈಹಿಡಿದು ಎಳೆದರು, ಕಚ್ಚಿದ. ಮರುದಿನ ತಾಯಿಗೆ ಸಿಕ್ಕ ಮಾತು: "ಇವನ್ನ ಮನ್ಯಾಗ ಇಟ್ಕೋರ್ರಿ, ಹಾಜರಿ ನಾವು ಹಾಕ್ತೀವಿ." ಆ ತಿಂಗಳು ಅವನದು ಪೂರ್ಣ ಹಾಜರಿ (ಅನುಬಂಧ 1). ನೋಟ್‌ಬುಕ್ಕಿನ ಖಾಲಿ ಪುಟಗಳು, ತಾಯಿಯ ಹೇಳಿಕೆ, ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡ್ ಲಗತ್ತಿಸಿದೆ (ಅನುಬಂಧ 2ರಿಂದ 4). ಗಂಟೆಯ ಚಿತ್ರ ತೋರಿಸಿ ಮೊದಲೇ ತಿಳಿಸಿದ್ದರೆ, ಇಲ್ಲವೇ ದೂರದ ಕೋಣೆಯಲ್ಲಿ ಕೂಡಿಸಿದ್ದರೆ ಆ ರಂಪವೇ ಇರುತ್ತಿರಲಿಲ್ಲವೇನೋ. ಗುರುಗಳಿಗೆ ಅದನ್ನು ಕಲಿಸಿದವರಿಲ್ಲ.

ನಮ್ಮ ಹಿಂದಿನ ಮೂರೂ ಮನವಿಗಳಿಗೆ "ಸೂಕ್ತ ಕ್ರಮಕ್ಕಾಗಿ ಸಂಬಂಧಿಸಿದವರಿಗೆ ಕಳುಹಿಸಿದೆ" ಎಂಬ ಹಿಂಬರಹ ಬಂದಿದೆ (ಅನುಬಂಧ 5ರಿಂದ 7). ಆ ಸಂಬಂಧಿಸಿದವರು ಯಾರೆಂದು ತಿಳಿಸಿದರೆ ಉಪಕಾರವಾದೀತು.

ಬೇಡಿಕೆಗಳು:

1. ಪ್ರತಿ ಕ್ಲಸ್ಟರ್‌ನ ಇಬ್ಬರು ಶಿಕ್ಷಕರಿಗೆ ಈ ಶೈಕ್ಷಣಿಕ ವರ್ಷದೊಳಗೆ, ಮಕ್ಕಳೊಂದಿಗೇ ಕೂತು ಕಲಿಯುವ ತರಬೇತಿ ಕೊಡಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ತಜ್ಞರನ್ನು ಕರೆಸಬೇಕು. ಮೊಬೈಲಿನಲ್ಲಿ ವಿಡಿಯೊ ತೋರಿಸಿ ಸಹಿ ಪಡೆದರೆ ಅದು ತರಬೇತಿಯಲ್ಲ.

2. ಉಲ್ಲೇಖ 2ರ ತೀರ್ಪಿನ ನಂತರ ಕೇಂದ್ರ ಸರ್ಕಾರ ಅಧಿಸೂಚಿಸಿದಂತೆ ಪ್ರಾಥಮಿಕದಲ್ಲಿ 1:10, ಮೇಲಿನ ಹಂತದಲ್ಲಿ 1:15ರ ಅನುಪಾತದಲ್ಲಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಾಯಿತ ವಿಶೇಷ ಶಿಕ್ಷಕರನ್ನು ನೇಮಿಸಬೇಕು. ತಾಲೂಕು ಸುತ್ತುವ ಬಿಐಇಆರ್‌ಟಿಗಳ (ತಾಲೂಕು ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ) ಹೆಗಲಿಗೇ ಎಲ್ಲವನ್ನೂ ಹೊರಿಸಬಾರದು.

3. ರಾಮದುರ್ಗದಿಂದ ಬೆಳಗಾವಿ ಸುಮಾರು 100 ಕಿ.ಮೀ. ಒಂದು ತಾಸಿನ ವಾಕ್ ಚಿಕಿತ್ಸೆಗೆ ಒಂದು ದಿನದ ಕೂಲಿ ಹೋಗುತ್ತದೆ. ವಾರಕ್ಕೊಮ್ಮೆ ತಾಲೂಕು ಆಸ್ಪತ್ರೆಗೇ ತಜ್ಞರನ್ನು ಕಳುಹಿಸಬೇಕು.

4. ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ಆಟಿಸಂ ಬಗ್ಗೆ ತಿಳಿವಳಿಕೆ ನೀಡಬೇಕು. ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನವನ್ನು ತಾಲೂಕು ಮಟ್ಟದಲ್ಲಿ ಆಚರಿಸಬೇಕು. ಶಾಲೆಗಳಲ್ಲಿ ಆಟಿಸಂ ಕುರಿತ ಫಲಕ ಹಾಕಿಸಬೇಕು.

5. ನಾಲ್ಕು ತಾಲೂಕಿಗೂ ಅನುಕೂಲವಾಗಲು ತರಬೇತಿ ಕೇಂದ್ರವನ್ನು ಬೈಲಹೊಂಗಲ ಬಸ್ ನಿಲ್ದಾಣದ ಸಮೀಪ ತೆರೆಯಬೇಕು. ಜಾಗದ ಅಡಚಣೆಯಾದಲ್ಲಿ ನಮ್ಮ ಪಾಲಕರಲ್ಲೊಬ್ಬರು ತಮ್ಮ ಕಟ್ಟಡವನ್ನು ಸರ್ಕಾರಿ ದರದ ಬಾಡಿಗೆಗೆ ಕೊಡಲು ಒಪ್ಪಿದ್ದಾರೆ.

6. ಆಟಿಸಂ ಮಕ್ಕಳಿರುವ ಶಿಕ್ಷಕ ಪಾಲಕರಿಗೆ ವರ್ಗಾವಣೆಯಲ್ಲಿ ಆದ್ಯತೆ ಸಿಗಬೇಕು.

30 ದಿನ ಕಾಯುತ್ತೇವೆ. ನಾಲ್ಕನೆಯ ಬಾರಿಯೂ ಅದೇ ಹಿಂಬರಹ ಬಂದರೆ ಮಕ್ಕಳೊಂದಿಗೆ ತಮ್ಮ ಕಚೇರಿಯ ಮುಂದೆ ಬಂದು ಕೂಡುತ್ತೇವೆ. ಅಂದಿನ ಹಾಜರಿಯನ್ನು ತಾವೇ ಹಾಕಿಕೊಳ್ಳಬಹುದು.

ತಮ್ಮ ವಿಶ್ವಾಸಿಗಳು,
ನಾಲ್ಕು ತಾಲೂಕುಗಳ ಪಾಲಕರು (ಸಹಿಗಳು ಹಿಂಬದಿಯಲ್ಲಿವೆ)